ಅರ್ಥಗಾರಿಕೆಯಲ್ಲಿ ಎದುರಾಳಿ

ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳವರು ಗೆಜ್ಜೆ ಬಿಚ್ಚಿದ ಮೇಲೆ ತುಳುನಾಡಿನಲ್ಲಿ ಕುಣಿತ ವಿರಮಿಸುವುದು, ಮಾತು ವಿರಮಿಸುವುದಿಲ್ಲ. ಮಳೆಗಾಲದ ಸಂಜೆಗಳಲ್ಲಿ ಮಂಗಳೂರಿನ ದೇವಾಲಯಗಳಲ್ಲಿಯೂ, ಸಭಾಭವನಗಳಲ್ಲಿಯೂ, ಕೆಲವು ಮನೆಗಳ ಚಾವಡಿಗಳಲ್ಲಿಯೂ ತಾಳಮದ್ದಳೆಯ ಕೂಟಗಳು ನೆರೆಯುವುವು. ಅಲ್ಲಿ ವೇಷವಿಲ್ಲ, ಹೆಜ್ಜೆಯಿಲ್ಲ, ತೆರೆಯಿಲ್ಲ. ಭಾಗವತರು ಪದ್ಯವನ್ನು ಹಾಡುವರು; ಮದ್ದಳೆ ಚೆಂಡೆಗಳು ಒದಗುವುವು; ಎದುರುಬದುರಾಗಿ ಕುಳಿತ ನಾಲ್ಕಾರು ಮಂದಿ ಅರ್ಥಧಾರಿಗಳು ತಮ್ಮ ನಿತ್ಯದ ಉಡುಪಿನಲ್ಲಿಯೇ ವಾಲಿಯಾಗಿ, ರಾಮನಾಗಿ, ಕೌರವನಾಗಿ, ಕೃಷ್ಣನಾಗಿ ಮಾತನಾಡುವರು. ಪದ್ಯ ಕವಿಯದು, ಅರ್ಥ ಆ ಕ್ಷಣದ್ದು.

ಇದಕ್ಕೆ ಹೋಲುವ ವಿನೋದವೊಂದು ಪಶ್ಚಿಮದಲ್ಲಿಯೂ ಉಂಟು. ೧೯೭೪ರಲ್ಲಿ ಅಮೇರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬವರ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವು ಪ್ರಕಟವಾಯಿತು. ಮೇಜಿನ ಸುತ್ತ ಕುಳಿತವರು ಒಂದೊಂದು ಪಾತ್ರವನ್ನು ವಹಿಸಿಕೊಂಡು ಬಾಯಿಮಾತಿನಿಂದಲೇ ಕಥೆಯನ್ನು ನಡೆಯಿಸುವರು. ಅವರೊಳಗೆ ಒಬ್ಬನು ನಿರ್ವಾಹಕ. ಸಂದೇಹ ಬಂದೆಡೆಯಲ್ಲಿ ದಾಳವು ತೀರ್ಪು ಕೊಡುವುದು. ಅದರ ನಿಯಮಗಳು ಬೆಳೆದು ದಪ್ಪ ಗ್ರಂಥಗಳಾದುವು. ಅನಂತರ, ನಾಲ್ಕು ಪುಟಗಳೊಳಗೆ ಮುಗಿಯುವ ನಿಯಮಗಳಿಂದ ಇಬ್ಬರು ಮೂವರು, ಅಥವಾ ಒಬ್ಬನೇ ಕುಳಿತು, ಆಡತಕ್ಕ ಹಗುರವಾದ ಆಟಗಳೂ ಹುಟ್ಟಿದುವು. ಇವನ್ನು ಬಲ್ಲವರು ತಾಳಮದ್ದಳೆಯ ಕೂಟಕ್ಕೆ ಬಂದರೆ, ಇದೂ ಆ ಜಾತಿಯದೇ ಎಂದಾರು. ಹೋಲಿಕೆ ಸುಳ್ಳಲ್ಲ. ಆದರೆ ನಿಯಮ ಕಡಿಮೆಯಾದಷ್ಟೂ ಆಡುವವನು ಸ್ವತಂತ್ರನೆಂದು ಅದರಿಂದ ತೀರ್ಮಾನಿಸುವುದು ತಪ್ಪು. ಬರೆದ ನಿಯಮ ಕಡಿಮೆಯಾದಲ್ಲಿ ಬರೆಯದ ಕಟ್ಟು ಬಿಗಿಯಾಗಿರಬೇಕು. ಅದನ್ನು ಮರೆತ ಕೂಟವು ಕೆಡುವುದು.

ಆ ಕಟ್ಟು ಮೂರು ವಿಧದ್ದು. ಮೊದಲನೆಯದು ಪದ್ಯ. ಭಾಗವತರು ಮುಂದಿನ ಪದ್ಯವನ್ನು ಎತ್ತಿಕೊಂಡರೆ, ಎಂತಹ ವಾಗ್ಮಿಯ ಮಾತಾದರೂ ಅಲ್ಲಿಗೆ ಮುಗಿಯತಕ್ಕುದು. ಎರಡನೆಯದು ಕಥೆಯ ಕೊನೆ. ಅದು ಆಡುವವರಿಗೂ ಕೇಳುವವರಿಗೂ ಮೊದಲೇ ಗೊತ್ತು. ಮೂರನೆಯದು ಎದುರಾಳಿಯ ಮಾತು. ಇದೊಂದೇ ಯಾರಿಗೂ ಮೊದಲೇ ಗೊತ್ತಿಲ್ಲದುದು. ಆದುದರಿಂದ ಕೂಟದ ಜೀವವೆಲ್ಲ ಇದರಲ್ಲಿಯೇ ಇರುವುದು.

ವಾಲಿವಧೆಯ ಪ್ರಸಂಗವನ್ನು ನೋಡಬಹುದು. ಮರೆಯಿಂದ ಬಂದ ಬಾಣಕ್ಕೆ ಬಿದ್ದ ವಾಲಿಯು ರಾಮನನ್ನು ಪ್ರಶ್ನಿಸುವನು. ವಾಲಿ ಸಾಯುವನೆಂಬುದರಲ್ಲಿಯೂ, ಸಾಯುವ ಮುನ್ನ ರಾಮನಿಗೆ ಶರಣಾಗುವನೆಂಬುದರಲ್ಲಿಯೂ ಸಂಶಯವಿಲ್ಲ. ಆದರೆ ಅವನ ಪ್ರಶ್ನೆ ನ್ಯಾಯವಾದ ಪ್ರಶ್ನೆ. ವಾಲಿಯ ಅರ್ಥಧಾರಿಯು ಸಮರ್ಥನಾಗಿ, ರಾಮನ ಪಾತ್ರಧಾರಿಯು ದುರ್ಬಲನಾದರೆ, ಪ್ರಶ್ನೆ ಉತ್ತರವಿಲ್ಲದೆ ನಿಲ್ಲುವುದು. ಮುಂದಿನ ಪದ್ಯದಲ್ಲಿ ಮಾತ್ರ ವಾಲಿ ಕೈಮುಗಿಯುವನು. ಕೇಳುವವನಿಗೆ ಆಗ ಕಾಣುವುದು ವಾಲಿಯ ಶರಣಾಗತಿಯಲ್ಲ, ಕವಿಯ ಬಲಾತ್ಕಾರ. ಒಳ್ಳೆಯ ಅರ್ಥಧಾರಿಯು ಹೀಗಾಗಗೊಡುವುದಿಲ್ಲ. ತನ್ನ ಪ್ರಶ್ನೆ ಎಷ್ಟು ಕಠಿನವಾದರೂ, ತಾನು ಮುಂದೆ ಹೊಕ್ಕು ಹೋಗಬೇಕಾದ ಬಾಗಿಲನ್ನು ಅವನು ಮುಚ್ಚುವುದಿಲ್ಲ. ತಮ್ಮನಿಗೆ ತಾನು ಮಾಡಿದ ಅನ್ಯಾಯದ ನೆನಪನ್ನು ಸಿಟ್ಟಿನ ಮಾತಿನ ಒಳಗೇ ಎಲ್ಲಿಯೋ ಇರಿಸಿಕೊಂಡಿರುವನು. ರಾಮನಾದವನೂ ಅದನ್ನು ಕಂಡು ಹಿಡಿಯಬಲ್ಲವನಾಗಿರಬೇಕು. ಹೀಗೆ ಇಬ್ಬರೂ ಸೇರಿ ಒಂದು ಸೋಲನ್ನು ಕಟ್ಟುವರು.

ಕೃಷ್ಣಸಂಧಾನದಲ್ಲಿ ಕಷ್ಟವು ಬೇರೊಂದು ಬಗೆಯದು. ಅಲ್ಲಿ ಸಂಧಾನವು ಮುರಿಯಲೇಬೇಕು. ಕೃಷ್ಣನು ತನ್ನ ಯುಕ್ತಿಯಿಂದ ಕೌರವನ ಬಾಯಿ ಕಟ್ಟಿದರೆ ಸಭೆ ಚಪ್ಪಾಳೆ ತಟ್ಟೀತು. ಆದರೆ ಬಾಯಿ ಕಟ್ಟಿದ ಕೌರವನು ಐದು ಗ್ರಾಮಗಳನ್ನು ಕೊಡಲೊಲ್ಲೆನೆಂದು ಯಾವ ಮುಖದಿಂದ ಹೇಳಬೇಕು? ತನ್ನ ಅರಮನೆಯನ್ನು ಬಿಟ್ಟು ವಿದುರನ ಮನೆಯಲ್ಲಿ ಉಂಡುದೇಕೆಂಬ ಅವನ ಆಕ್ಷೇಪಕ್ಕೆ ರಾಜನ ಅಭಿಮಾನದ ತೂಕವಿರಬೇಕು. ಆ ತೂಕವನ್ನು ಉಳಿಸಿಕೊಡುವುದು ಕೃಷ್ಣನ ಪಾತ್ರಧಾರಿಯ ಹೊಣೆಯೂ ಹೌದು. ಈ ಒಂದು ಪ್ರಸಂಗವನ್ನೇ ಹಿಡಿದು ಡಾ. ಎಂ. ಪ್ರಭಾಕರ ಜೋಶಿಯವರು ಪದ್ಯಕ್ಕೂ ಪ್ರಯೋಗಕ್ಕೂ ಇರುವ ಸಂಬಂಧವನ್ನು ವಿಚಾರಿಸಿರುವುದು ಸಹಜವಾಗಿಯೇ ಇದೆ.

ಶೇಣಿ ಗೋಪಾಲಕೃಷ್ಣ ಭಟ್ಟರು (೧೯೧೮–೨೦೦೬) ವಾಲಿ, ರಾವಣ, ಕೌರವರ ಪಕ್ಷವನ್ನು ಹಿಡಿದು ವಾದಿಸಿದ ರೀತಿಯಿಂದ ಖ್ಯಾತರಾದರು. ಅವರ ಅನಂತರ ತರ್ಕವೇ ಅರ್ಥಗಾರಿಕೆಯ ಸಾರವೆಂದು ಎಣಿಸಿದವರು ಹಲವರು. ಆದರೆ ತರ್ಕವನ್ನು ಕಲಿತಷ್ಟು ಸುಲಭವಾಗಿ, ಖಳನೆನಿಸಿಕೊಂಡವನ ಒಳಗನ್ನು ಅರಿಯುವುದನ್ನು ಕಲಿಯಲಾಗದು. ಒಂದೇ ಪದ್ಯದ ಅರ್ಥವನ್ನು ಗಳಿಗೆಗಟ್ಟಲೆ ಬೆಳೆಯಿಸಿ, ಎದುರಿಗೆ ಕುಳಿತವನನ್ನು ಮೂಕಪ್ರೇಕ್ಷಕನನ್ನಾಗಿ ಮಾಡುವ ಅರ್ಥಧಾರಿಯು ನಾಲ್ವರ ನಡುವೆ ಕುಳಿತಿದ್ದರೂ ಒಬ್ಬನೇ ಆಡುವವನು.

ಹಾಗಾದರೆ ಒಬ್ಬನೇ ಆಡುವುದು ಹೀನವೆ? ಹಾಗಲ್ಲ. ತುಳುನಾಡಿನ ಚೆನ್ನೆಮಣೆಯಲ್ಲಿ ಏಳೇಳರಂತೆ ಎರಡು ಸಾಲು, ಹದಿನಾಲ್ಕು ಗುಳಿಗಳು. ಅದರಲ್ಲಿ ಒಬ್ಬರೇ ಆಡತಕ್ಕ ಆಟಕ್ಕೆ ಸೀತೆಯಾಟವೆಂದು ಹೆಸರು. ಅಶೋಕವನದ ಒಂಟಿತನವನ್ನು ನೆನೆಯಿಸುವ ಹೆಸರು ಅದು. ಅಲ್ಲಿ ಎದುರಾಳಿಯಿಲ್ಲದಿದ್ದರೂ ಕಾಯಿಗಳ ಲೆಕ್ಕವುಂಟು. ಅದು ಆಡುವವಳ ಇಷ್ಟವನ್ನು ಕೇಳುವುದಿಲ್ಲ. ಪಶ್ಚಿಮದ ಏಕಾಂಗಿಯ ಆಟದಲ್ಲಿ ದಾಳವೋ ಇಸ್ಪೀಟಿನ ಎಲೆಯೋ ಮಾಡುವ ಕೆಲಸವೂ ಇದೇ. ತನ್ನ ಕಥೆಯನ್ನು ತಾನೇ ಹೇಳಿಕೊಳ್ಳುವವನಿಗೂ ತನ್ನ ವಶವಲ್ಲದುದೊಂದು ಎದುರಿಗಿರಬೇಕು. ಪ್ರಸಂಗಕ್ಕೆ ಮನೆಯಲ್ಲಿ ಸಿದ್ಧನಾಗುವ ಅರ್ಥಧಾರಿಯೂ ಒಬ್ಬನೇ ಆಡುವವನೇ. ಅವನು ತನ್ನ ಪಾತ್ರದ ಮಾತನ್ನಷ್ಟೇ ಬಾಯಿಪಾಠ ಮಾಡಿದರೆ ಉಪನ್ಯಾಸವನ್ನು ಹೊತ್ತುಕೊಂಡು ಬರುವನು. ಎದುರುಪಾತ್ರದ ಕಡೆಯಿಂದ ತನಗೆ ತಾನೇ ನಿಷ್ಠುರವಾದ ಪ್ರಶ್ನೆಗಳನ್ನು ಹಾಕಿಕೊಂಡರೆ ಕೂಟಕ್ಕೆ ಯೋಗ್ಯನಾಗಿ ಬರುವನು.

ಆದುದರಿಂದ ಚಾವಡಿಯ ಸಣ್ಣ ಕೂಟಗಳನ್ನು ಕುರಿತು, ಇವು ದೊಡ್ಡ ಸಭೆಗಳ ಬಡ ಅನುಕರಣವೆಂದು ಹಗುರವಾಗಿ ನುಡಿಯಬಾರದು. ಹತ್ತು ಹದಿನೈದು ಮಂದಿ ಕೇಳುವವರಿರುವಲ್ಲಿ ಚಪ್ಪಾಳೆಯ ಆಸೆ ಕಡಿಮೆ. ಎದುರಿನವನ ಮುಖ ಹತ್ತಿರ. ಹೊಸಬನು ದೂತನಾಗಿ ನಾಲ್ಕು ಮಾತು ತಪ್ಪಿ ಆಡಿದರೂ, ಕೌರವನಾದ ಹಿರಿಯನು ಆ ತಪ್ಪನ್ನು ಕಥೆಯೊಳಕ್ಕೆ ಸೇರಿಸಿಕೊಂಡು ಅವನನ್ನು ಉಳಿಸಬಲ್ಲನು. ಈ ಉಳಿಸುವ ಗುಣವು ಯಾವ ನಿಯಮಗ್ರಂಥದಲ್ಲಿಯೂ ಬರೆಯಲ್ಪಟ್ಟುದಲ್ಲ; ಒಬ್ಬರ ಎದುರು ಒಬ್ಬರು ಕುಳಿತು ಕಲಿಯತಕ್ಕುದು. ಅಂತಹ ಕೂಟಗಳು ತಪ್ಪಿಹೋದರೆ ಮಾತುಗಾರರು ಉಳಿದಾರು, ತಾಳಮದ್ದಳೆ ಉಳಿಯಲಾರದು. ಕೂಟವೊಂದರಿಂದ ಮನೆಗೆ ಮರಳುವ ರಸಿಕನು, ಇಂದು ಯಾರು ಚೆನ್ನಾಗಿ ಮಾತನಾಡಿದರೆಂದು ಕೇಳುವುದರ ಬದಲು, ಯಾರು ಚೆನ್ನಾಗಿ ಕೇಳಿಸಿಕೊಂಡರೆಂದು ತನ್ನನ್ನು ತಾನು ವಿಚಾರಿಸಿಕೊಂಡರೆ ಅದು ಈ ಕಲೆಗೆ ಸಲ್ಲುವ ಸರಿಯಾದ ವಿಮರ್ಶೆಯಾದೀತು.