ಬರಿದಾದ ಜೀನು: ‘ವಾರ್ ಹಾರ್ಸ್’ ಚಿತ್ರವನ್ನು ಕುರಿತ ಪ್ರೇಕ್ಷಕಾಭಿಪ್ರಾಯಗಳ ಪರಾಮರ್ಶೆ

ಕಾವ್ಯದ ವಿಷಯದಲ್ಲಿ ಸಹೃದಯನ ಅನುಭವವೇ ಪ್ರಮಾಣವೆಂದು ಒಪ್ಪಿಕೊಂಡಿರುವ ನಾವು, ಚಲನಚಿತ್ರದ ವಿಷಯಕ್ಕೆ ಬಂದಾಗ ಮಾತ್ರ ನೋಡಿದವರ ಮಾತನ್ನು ಹರಟೆಯೆಂದು ತಳ್ಳಿಬಿಡುತ್ತೇವೆ. ಇದು ಉಚಿತವಲ್ಲ. ಚಿತ್ರಮಂದಿರದಿಂದ ಹೊರಬಂದವನು ತನಗೆ ಅಳು ಬಂದಿತೆಂದೋ, ಅಳಿಸುವುದಕ್ಕೆಂದೇ ಹೂಡಿದ ಹೂಟ ತನಗೆ ತಿಳಿದುಹೋಯಿತೆಂದೋ ಹೇಳುವಾಗ, ರಸವಿಚಾರದ ಒಂದು ಮೂಲಪ್ರಶ್ನೆಯನ್ನು ತನಗರಿವಿಲ್ಲದೆಯೇ ಎತ್ತಿರುತ್ತಾನೆ. ಸ್ಟೀವನ್ ಸ್ಪೀಲ್‌ಬರ್ಗ್ ನಿರ್ದೇಶಿಸಿ 2011ರ ಡಿಸೆಂಬರಿನಲ್ಲಿ ಬಿಡುಗಡೆಯಾದ ‘ವಾರ್ ಹಾರ್ಸ್’ ಎಂಬ ಚಿತ್ರ ಇಂಥ ಅಭಿಪ್ರಾಯಭೇದಕ್ಕೆ ವಿಶೇಷವಾಗಿ ಗುರಿಯಾಯಿತು. ಆ ಭೇದದ ಸ್ವರೂಪವೇನು, ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಕಡೆಯ ನೋಡುಗನು ಅದರಲ್ಲಿ ಎಲ್ಲಿ ನಿಲ್ಲುತ್ತಾನೆ ಎಂಬುದನ್ನು ಇಲ್ಲಿ ವಿಚಾರಿಸುತ್ತೇವೆ.

ಕಥೆ ಬಹು ಸರಳವಾದುದು. ಇಂಗ್ಲೆಂಡಿನ ಡೆವನ್ ಪ್ರಾಂತದ ಒಕ್ಕಲಿಗನೊಬ್ಬ ಉಳುಮೆಗೆ ಒಗ್ಗದ ಚೆಲುವಾದ ಕುದುರೆಯೊಂದನ್ನು ಹಟಕ್ಕೆ ಬಿದ್ದು ಕೊಳ್ಳುತ್ತಾನೆ. ಮಗ ಆಲ್ಬರ್ಟ್ ಅದಕ್ಕೆ ಜೋಯಿ ಎಂದು ಹೆಸರಿಟ್ಟು ಪಳಗಿಸುತ್ತಾನೆ. 1914ರಲ್ಲಿ ಯುದ್ಧ ಹತ್ತಿಕೊಂಡಾಗ ತಂದೆ ಅದನ್ನು ಸೈನ್ಯಕ್ಕೆ ಮಾರುತ್ತಾನೆ. ಅಲ್ಲಿಂದ ಮುಂದೆ ಕುದುರೆ ಕೈಯಿಂದ ಕೈಗೆ ದಾಟುತ್ತದೆ: ಇಂಗ್ಲಿಷ್ ಅಧಿಕಾರಿ, ಜರ್ಮನ್ ಸೈನ್ಯದಿಂದ ಓಡಿಹೋಗುವ ಇಬ್ಬರು ಸೋದರರು, ಫ್ರಾನ್ಸಿನ ಹಳ್ಳಿಯ ಮುದುಕ ಮತ್ತು ಅವನ ಮೊಮ್ಮಗಳು, ಕೊನೆಗೆ ಫಿರಂಗಿ ಎಳೆಯುವ ಜರ್ಮನ್ ತಂಡ. ಮೈಕೆಲ್ ಮೊರ್ಪರ್ಗೊ 1982ರಲ್ಲಿ ಮಕ್ಕಳಿಗಾಗಿ ಬರೆದ ಮೂಲ ಕಾದಂಬರಿಯಲ್ಲಿ ಕುದುರೆಯೇ ತನ್ನ ಕಥೆಯನ್ನು ಹೇಳಿಕೊಳ್ಳುತ್ತದೆ. 2007ರಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರು ಅದನ್ನು ರಂಗಕ್ಕೆ ತಂದಾಗ ಕುದುರೆಯು ದಕ್ಷಿಣ ಆಫ್ರಿಕದ ಕಲಾವಿದರು ನಿರ್ಮಿಸಿದ ಬೊಂಬೆಯಾಗಿತ್ತು. ಬೊಂಬೆಯಾಡಿಸುವವರು ಪ್ರೇಕ್ಷಕರ ಕಣ್ಣಿಗೆ ಕಾಣುವಂತೆಯೇ ನಿಂತಿದ್ದರು. ಚಿತ್ರದಲ್ಲಿ ಇವೆರಡೂ ಇಲ್ಲ. ಅಲ್ಲಿ ಕುದುರೆ ನಿಜವಾದುದು, ಮತ್ತು ಮೂಕವಾದುದು.

ನೋಡಿದವರಲ್ಲಿ ಎರಡು ಪಕ್ಷಗಳಾದವು. ಹಳೆಯ ಕಾಲದ ಚಿತ್ರಗಳ ವಿಸ್ತಾರವನ್ನೂ ಹೃದಯವಂತಿಕೆಯನ್ನೂ ಇದು ಮತ್ತೆ ತಂದುಕೊಟ್ಟಿತೆಂದು ಒಂದು ಪಕ್ಷ ಮೆಚ್ಚಿತು. ಭಾವಾತಿರೇಕ ಹೆಚ್ಚಾಯಿತು, ವಾದ್ಯಗೋಷ್ಠಿ ನಮ್ಮ ಕಣ್ಣೀರಿಗೆ ಮೊದಲೇ ಕರೆ ಕಳುಹಿಸುತ್ತದೆ ಎಂದು ಇನ್ನೊಂದು ಪಕ್ಷ ಆಕ್ಷೇಪಿಸಿತು. ಈ ಎರಡನೆಯ ಪಕ್ಷದೊಳಗೇ ಇನ್ನೊಂದು ಕಠಿಣವಾದ ಮಾತಿದೆ: ಲಕ್ಷಾಂತರ ಮನುಷ್ಯರು ಕಂದಕಗಳಲ್ಲಿ ಸಾಯುತ್ತಿರುವಾಗ ಒಂದು ಕುದುರೆಗಾಗಿ ಅಳುವುದು ಅಳುವೇ ಅಲ್ಲ, ಅದು ಅಳುವಿನ ವಿಲಾಸ ಎಂಬುದು. ಉಳಿದ ಆಕ್ಷೇಪಗಳು ಅಭಿರುಚಿಗೆ ಸೇರಿದವು. ಈ ಕೊನೆಯದು ಮಾತ್ರ ಉತ್ತರವನ್ನು ಬೇಡುತ್ತದೆ.

ಪಶುಪಕ್ಷಿಗಳು ಕರುಣಕ್ಕೆ ಆಲಂಬನವಾಗಲಾರವೆಂದು ಯಾರಾದರೂ ಹೇಳುವುದಾದರೆ ನಮ್ಮ ಕಾವ್ಯಪರಂಪರೆಯ ಬುಡವೇ ಅಲುಗಬೇಕಾಗುತ್ತದೆ. ಆದಿಕಾವ್ಯ ಹುಟ್ಟಿದುದು ಬೇಡನ ಬಾಣಕ್ಕೆ ಬಿದ್ದ ಕ್ರೌಂಚಕ್ಕಾಗಿ. ತಿರ್ಯಗ್ಜಂತುಗಳ ರತಿಯನ್ನು ರಸಾಭಾಸವೆಂದು ಕೆಲವು ಆಲಂಕಾರಿಕರು ಕೆಳಗಿಟ್ಟರೆಂಬುದು ನಿಜ. ಆದರೆ ಅದೇ ಶಾಸ್ತ್ರದಲ್ಲಿ ಅಭಿನವಗುಪ್ತನು ಭಯಾನಕಕ್ಕೆ ಉದಾಹರಣೆ ಬೇಕಾದಾಗ ಶಾಕುಂತಲದ ಮೊದಲಂಕದಲ್ಲಿ ರಥಕ್ಕೆ ಹೆದರಿ ಓಡುವ ಜಿಂಕೆಯ ಕಡೆಗೆ ಕೈ ತೋರಿಸುತ್ತಾನೆ. ಆ ಭಯ ಜಿಂಕೆಯದೂ ಅಲ್ಲ, ನಮ್ಮದೂ ಅಲ್ಲ. ಯಾರೊಬ್ಬರದೂ ಆಗದೆ ಶುದ್ಧವಾಗಿ ಉಳಿದ ಭಯ. ಮುಳ್ಳುತಂತಿಯಲ್ಲಿ ಸಿಕ್ಕಿಬಿದ್ದ ಜೋಯಿಯನ್ನು ಬಿಡಿಸಲು ಇಂಗ್ಲಿಷ್ ಸೈನಿಕನೊಬ್ಬನೂ ಜರ್ಮನ್ ಸೈನಿಕನೊಬ್ಬನೂ ಎರಡು ಕಂದಕಗಳ ನಡುವಣ ನೆಲಕ್ಕೆ ಇಳಿದು ಬರುವ ದೃಶ್ಯದ ಬಲ ಇಂಥದೇ. ಕುದುರೆಗೆ ದೇಶವಿಲ್ಲವಾದುದರಿಂದ ಅದರ ನೋವು ಇಬ್ಬರಿಗೂ ಸಲ್ಲುತ್ತದೆ. ಇಲ್ಲಿಯವರೆಗೆ ನಾವು ಮೆಚ್ಚಿದವರ ಪಕ್ಷ.

ಇನ್ನು ನಮ್ಮ ಸೀಮೆಯ ಮಾತು. ಈ ಭಾಗದ ಕೆಲವರೊಡನೆ ಈ ಚಿತ್ರವನ್ನು ಕುರಿತು ನಾವು ಮಾತನಾಡಿದುದುಂಟು. ಅದು ಸಮೀಕ್ಷೆಯಲ್ಲ, ಬರಿಯ ಸಂಭಾಷಣೆ. ಬಹು ಜನ ಕುದುರೆಯ ಚೆಲುವನ್ನೂ ಉಳುಮೆಯ ದೃಶ್ಯವನ್ನೂ ನೆನೆದರು. ಎರೆಹೊಲದವರಿಗೆ ಕಲ್ಲುನೆಲದ ಮೇಲೆ ನೇಗಿಲು ಹೂಡುವ ಸಾಹಸ ಕಾಣದೆ ಹೋಗುವುದಿಲ್ಲ. ಆದರೆ ವಿದ್ಯಾರ್ಥಿಯೊಬ್ಬನ ಪ್ರಶ್ನೆ ನಮ್ಮನ್ನು ತಡೆದು ನಿಲ್ಲಿಸಿತು. ಯುದ್ಧದಲ್ಲಿ ಕುದುರೆ ಮರಳಿ ಬಂದರೆ ಸಂತೋಷಪಡಬೇಕೋ, ಅಳಬೇಕೋ ಎಂದು ಅವನು ಕೇಳಿದ. ಮೊದಲಿಗೆ ಅದು ವಿಚಿತ್ರವಾಗಿ ಕಂಡಿತು. ಈ ಸೀಮೆಯಲ್ಲಿ ಕುದುರೆಯ ಕಥೆಗಳು ಹೇಗೆ ಬಾಳಿವೆಯೆಂಬುದನ್ನು ನೆನೆದಾಗ ಪ್ರಶ್ನೆಯ ಬೇರು ತಿಳಿಯಿತು.

ಲಕ್ಷ್ಮೀಶನ ಜೈಮಿನಿಭಾರತವನ್ನು ಓದಿಸಿ ಕೇಳಿದವರಿಗೆ, ಬಯಲಾಟದಲ್ಲಿ ಕಾಳಗದ ಕಥೆಗಳನ್ನು ಕಂಡವರಿಗೆ, ಯುದ್ಧದ ಕುದುರೆಯೆಂದರೆ ಮೊದಲು ನೆನಪಾಗುವುದು ಧರ್ಮರಾಯನ ಯಾಗದ ಕುದುರೆ. ಹುಣಸೂರು ಕೃಷ್ಣಮೂರ್ತಿಯವರ ‘ಬಬ್ರುವಾಹನ’ ಚಿತ್ರ 1977ರಲ್ಲಿ ಬಂದಾಗ ರಾಜಕುಮಾರ್ ತಂದೆಯೂ ಆಗಿ ಮಗನೂ ಆಗಿ ನಟಿಸಿದರು. ಆ ಇಬ್ಬರ ನಡುವಣ ವಾಗ್ಯುದ್ಧದ ಹಾಡು ಇಂದಿಗೂ ಜನರ ಬಾಯಲ್ಲಿದೆ. ಆ ಕಾಳಗಕ್ಕೆ ಕಾರಣವಾದ ಕುದುರೆ ಯಾರ ನೆನಪಿನಲ್ಲಿಯೂ ಇಲ್ಲ. ಅದು ನಿಮಿತ್ತ ಮಾತ್ರ. ಅದನ್ನು ಕಟ್ಟಿದವನು ಕಾದಬೇಕು, ಬಿಟ್ಟವನು ತಗ್ಗಬೇಕು. ಕೊನೆಗೆ ಅದು ಹಸ್ತಿನಾವತಿಗೆ ಮರಳುವುದು ಬಲಿಯಾಗುವುದಕ್ಕಾಗಿ. ಆ ಮರಳುವಿಕೆಗೆ ಸಂತೋಷಪಡುವವನು ಕುದುರೆಯನ್ನು ಮರೆತಿರಬೇಕು.

ವೀರಗಲ್ಲುಗಳಲ್ಲಿಯೂ ಹೀಗೆಯೇ. ಗದಗ, ಲಕ್ಷ್ಮೇಶ್ವರ, ಮುಂಡರಗಿಗಳ ಸುತ್ತ ಅವುಗಳಿಗೆ ಕೊರತೆಯಿಲ್ಲ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿ. ಕುದುರೆ ಇರುವಲ್ಲಿ ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿಯೇ ಉಳಿದುಬಿಡುತ್ತದೆ; ವೀರ ಏರುತ್ತಾನೆ, ವಾಹನ ಏರುವುದಿಲ್ಲ. ಪ್ರಾಣಿಗೆ ಕಲ್ಲು ನಿಲ್ಲಿಸುವ ಸಂಪ್ರದಾಯವೇ ಕನ್ನಡಿಗರಲ್ಲಿ ಇರಲಿಲ್ಲವೆಂದಲ್ಲ. ಹಂದಿಯೊಡನೆ ಕಾದಿ ಸತ್ತ ಕಾಳಿ ಎಂಬ ನಾಯಿಗಾಗಿ ಹತ್ತನೆಯ ಶತಮಾನದಲ್ಲಿ ಆತಕೂರಿನಲ್ಲಿ ನಿಲ್ಲಿಸಿದ ಕಲ್ಲು ಎಲ್ಲರಿಗೂ ತಿಳಿದುದೇ.

ಈ ಸೀಮೆಯ ಮೂರನೆಯ ಕುದುರೆಯೇ ನಮ್ಮ ಪ್ರಕೃತಕ್ಕೆ ಮುಖ್ಯವಾದುದು. ಶಿರಹಟ್ಟಿಯ ಫಕೀರೇಶ್ವರ ಮಠದ ನೆರಳಿನಲ್ಲಿ ಬೆಳೆದವರಿಗೆ ಮೊಹರಮ್ಮು ಒಂದು ಮತದವರ ಹಬ್ಬವೆಂದು ವಿವರಿಸುವುದೇ ಕಷ್ಟ. ಅಲಾಯಿ ಕುಣಿಯ ಸುತ್ತ ಹೆಜ್ಜೆಮೇಳದವರು ಹಾಡುವ ರಿವಾಯತ್ ಪದಗಳಿಗೆ ಕರ್ಬಲಾ ಕಾಳಗವೇ ವಸ್ತು, ಕನ್ನಡವೇ ಭಾಷೆ. ಹಾಡುವವರಲ್ಲಿ ಹಿಂದೂಗಳೂ ಉಂಟು. ಕ್ರಿ. ಶ. 680ರ ಆ ಕಾಳಗವನ್ನು ಕುರಿತ ಕಥಾಪರಂಪರೆಯಲ್ಲಿ ಹುಸೇನರ ಕುದುರೆ ಒಡೆಯನಿಲ್ಲದೆ ಡೇರೆಗಳ ಕಡೆಗೆ ಮರಳಿ ಬರುತ್ತದೆ. ಹೆಂಗಸರು ಹೊರಗೆ ಬಂದು ನೋಡುತ್ತಾರೆ, ಜೀನು ಬರಿದಾಗಿದೆ. ಸುದ್ದಿಯನ್ನು ಯಾರೂ ಹೇಳಬೇಕಾಗಿಲ್ಲ. ಕುದುರೆ ಮರಳಿ ಬಂದರೆ ಅಳಬೇಕೇ ಎಂಬ ಪ್ರಶ್ನೆ ಹುಟ್ಟಬಹುದಾದುದು ಇಂಥ ನೆಲದಲ್ಲಿಯೇ.

ಈ ಪ್ರಶ್ನೆಯನ್ನು ಹಿಡಿದು ಚಿತ್ರಕ್ಕೆ ಮರಳಿದರೆ ಅದರ ಅತ್ಯುತ್ತಮ ಭಾಗ ತಾನಾಗಿಯೇ ಎದ್ದು ಕಾಣುತ್ತದೆ. ಇಂಗ್ಲಿಷ್ ಅಶ್ವದಳ ಎತ್ತರದ ಹುಲ್ಲಿನೊಳಗಿಂದ ಹೊರಟು ಜರ್ಮನ್ ಪಾಳೆಯದ ಮೇಲೆ ಬೀಳುತ್ತದೆ. ಎದುರಾಳಿಗಳು ಹಿಂದಿನ ಕಾಡಿನೊಳಕ್ಕೆ ಓಡುತ್ತಾರೆ; ಕಾಡಿನ ಅಂಚಿನಲ್ಲಿ ಮೆಷಿನ್‌ಗನ್ನುಗಳ ಸಾಲು. ಗುಂಡಿನ ಸದ್ದು ಕೇಳುತ್ತದೆ. ಸವಾರರು ಉರುಳಿ ಬೀಳುವುದನ್ನು ನಿರ್ದೇಶಕನು ತೋರಿಸುವುದಿಲ್ಲ. ಮರುಕ್ಷಣದಲ್ಲಿ ಕುದುರೆಗಳು ಬಂದೂಕಗಳ ಮೇಲಿಂದ ಹಾರಿ ಕಾಡನ್ನು ಹೊಗುತ್ತವೆ. ಯಾವುದರ ಮೇಲೆಯೂ ಮನುಷ್ಯನಿಲ್ಲ. ಮನುಷ್ಯರನ್ನು ಮರೆತು ಕುದುರೆಗೆ ಅಳುವ ಚಿತ್ರವಿದೆಂದವರು ಈ ದೃಶ್ಯವನ್ನು ಸರಿಯಾಗಿ ನೋಡಿಲ್ಲವೆಂದೇ ಹೇಳಬೇಕು. ಇಲ್ಲಿ ಕುದುರೆ ಕಾಣುತ್ತಿರುವುದು ಮನುಷ್ಯ ಕಾಣದಿರುವುದನ್ನು ತೋರಿಸಲಿಕ್ಕಾಗಿ. ಓಡಿಹೋದ ಸೋದರರಿಗೆ ಗುಂಡಿಕ್ಕುವಾಗಲೂ ಗಾಳಿಯಂತ್ರದ ರೆಕ್ಕೆಯೊಂದು ಅಡ್ಡ ಬಂದು ಸಾವನ್ನು ಮರೆಸುತ್ತದೆ. ಅದು ಜಾಣ್ಮೆ, ಬರಿದಾದ ಜೀನಿನದು ಅದಕ್ಕಿಂತ ಮೇಲಾದುದು.

ಇಷ್ಟನ್ನು ಸಾಧಿಸಿದ ಚಿತ್ರ ಕೊನೆಯಲ್ಲಿ ಕೈಬಿಡುತ್ತದೆ. ಯುದ್ಧ ಮುಗಿದ ಮೇಲೆ ಅಧಿಕಾರಿಗಳ ಕುದುರೆಗಳಿಗೆ ಮಾತ್ರ ತಾಯ್ನಾಡಿಗೆ ಮರಳುವ ಭಾಗ್ಯ, ಮಿಕ್ಕವು ಹರಾಜಿಗೆ. ಕಟುಕನೂ ಸವಾಲು ಕೂಗುತ್ತಾನೆ. ಇದು ಕಟ್ಟುಕಥೆಯಲ್ಲ. ಆ ಯುದ್ಧದಲ್ಲಿ ಎಲ್ಲ ಪಕ್ಷಗಳದೂ ಸೇರಿ ಸುಮಾರು 80 ಲಕ್ಷ ಕುದುರೆಗಳು ಸತ್ತವೆಂದು ಸಾಮಾನ್ಯವಾಗಿ ಅಂದಾಜು ಮಾಡುತ್ತಾರೆ. ಉಳಿದವುಗಳಲ್ಲಿ ಅನೇಕವನ್ನು ಅಲ್ಲಲ್ಲಿಯೇ ಮಾರಿದರು. ಹಾಗೆ ಈಜಿಪ್ಟಿನಲ್ಲಿ ಮಾರಾಟವಾದ ಸೈನ್ಯದ ಮುದಿಕುದುರೆಗಳಿಗಾಗಿ ಡೊರೊತಿ ಬ್ರೂಕ್ ಎಂಬಾಕೆ 1934ರಲ್ಲಿ ಕೈರೋದಲ್ಲಿ ಆಸ್ಪತ್ರೆಯನ್ನೇ ತೆರೆಯಬೇಕಾಯಿತು. ಸತ್ಯವನ್ನು ಇಷ್ಟು ಹತ್ತಿರ ತಂದ ನಿರ್ದೇಶಕನು ಜೋಯಿಯೊಂದನ್ನು ಮಾತ್ರ ಆ ಸಾಲಿನಿಂದ ಎತ್ತಿಕೊಂಡು, ಕೆಂಪು ಸಂಜೆಯಲ್ಲಿ, ಮೇಲೆ ಆಲ್ಬರ್ಟನನ್ನೂ ಕೂಡಿಸಿ, ತಾಯಿತಂದೆಯರ ಬಳಿಗೆ ಕಳುಹಿಸಿಬಿಡುತ್ತಾನೆ. ಜೀನು ತುಂಬಿತು. ಸಾಲಿನ ಮಿಕ್ಕ ಕುದುರೆಗಳ ಗತಿಯೇನೆಂದು ಚಿತ್ರ ಕೇಳುವುದಿಲ್ಲ. ಮಕ್ಕಳ ಕಥೆಯಲ್ಲವೇ ಎಂಬ ಸಮಾಧಾನವನ್ನು ನಾವು ಒಪ್ಪಲಾರೆವು. ಪುಣ್ಯಕೋಟಿಯೂ ಮಕ್ಕಳ ಕಥೆಯೇ. ಅಲ್ಲಿ ಹಸು ಬದುಕಿ ಉಳಿದರೆ ಅದಕ್ಕೆ ಬೆಲೆಯಾಗಿ ಹುಲಿ ಸಾಯುತ್ತದೆ. ಆದುದರಿಂದ ಭಾವಾತಿರೇಕವೆಂಬ ಆಕ್ಷೇಪ ನಿಜವಾದರೂ ಅದನ್ನು ತಪ್ಪು ಸ್ಥಳದಲ್ಲಿ ಹೊರಿಸಲಾಗಿದೆ. ದೋಷವಿರುವುದು ಕುದುರೆಗಾಗಿ ಅತ್ತುದರಲ್ಲಿ ಅಲ್ಲ, ಅಳುವನ್ನು ಅಷ್ಟು ಬೇಗ ಒರೆಸಿದುದರಲ್ಲಿ.

ಕನ್ನಡನಾಡಿನ ಕುದುರೆಗಳೂ ಆ ಯುದ್ಧಕ್ಕೆ ಹೋಗಿದ್ದುವು. ಆಗ ಗದಗ ಮುಂಬಯಿ ಇಲಾಖೆಗೆ, ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ, ಶಿರಹಟ್ಟಿ ಸಾಂಗಲಿಗೆ ಸೇರಿದ್ದುದರಿಂದ ಮೈಸೂರು ಲಾನ್ಸರ್ಸ್ ದಳದ ಕಥೆ ಈ ಕಡೆ ಅಷ್ಟಾಗಿ ಪ್ರಚಾರಕ್ಕೆ ಬರಲಿಲ್ಲ. 1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರದ ಸವಾರರು ಹೈಫಾ ಪಟ್ಟಣವನ್ನು ಮೆಷಿನ್‌ಗನ್ನುಗಳ ಎದುರಿನಲ್ಲಿಯೇ ಗೆದ್ದರು. ಅಂದು 8 ಮಂದಿ ಸತ್ತು 34 ಮಂದಿ ಗಾಯಗೊಂಡರು. ಕುದುರೆಗಳಲ್ಲಿ 60 ಸತ್ತುವು, 83 ಗಾಯಗೊಂಡುವು. ಚಿತ್ರದಲ್ಲಿ ಕಂಡುದರ ತಿರುವುಮುರುವು ಇದು: ಜೀನುಗಳು ಉಳಿಯಲಿಲ್ಲ, ಸವಾರರು ಉಳಿದರು. ಮೈಸೂರು, ಜೋಧಪುರ, ಹೈದರಾಬಾದುಗಳ ಅಶ್ವಯೋಧರ ಸ್ಮರಣೆಗಾಗಿ ದಿಲ್ಲಿಯಲ್ಲಿ 1922ರಲ್ಲಿ ಸ್ಥಾಪಿಸಿದ ತೀನ್‌ಮೂರ್ತಿಯಲ್ಲಿ ಮೂವರು ಯೋಧರು ನೆಲದ ಮೇಲೆ ನಿಂತಿದ್ದಾರೆ. ಕುದುರೆಗಳಿಲ್ಲ.

ಈ ಚಿತ್ರವನ್ನು ತರಗತಿಯಲ್ಲಿ ಬಳಸಬಯಸುವ ಅಧ್ಯಾಪಕರಿಗೆ ಒಂದು ಸೂಚನೆ. ಎರಡೂಕಾಲು ಗಂಟೆಗೂ ಮೀರಿದ ಚಿತ್ರವನ್ನು ಪೂರ್ತಿ ತೋರಿಸುವುದು ಅಗತ್ಯವಿಲ್ಲ. ಅಶ್ವದಳದ ದಾಳಿಯನ್ನೂ ಮುಳ್ಳುತಂತಿಯ ಪ್ರಸಂಗವನ್ನೂ ತೋರಿಸಿ, ಜೈಮಿನಿಭಾರತದ ಬಬ್ರುವಾಹನ ಸಂಧಿಗಳೊಡನೆ ಓದಿಸಿದರೆ ಸಾಕು. ಊರಿನಲ್ಲಿ ರಿವಾಯತ್ ಹಾಡುವವರಿದ್ದರೆ ಅವರನ್ನೂ ಒಂದು ದಿನ ಕರೆಯಬಹುದು. ಕೊನೆಯ ಹರಾಜಿನ ದೃಶ್ಯವನ್ನು ಕಟುಕನು ಸವಾಲು ಕೂಗುವಲ್ಲಿಗೆ ನಿಲ್ಲಿಸಿ, ಮುಂದೇನಾಗಿರಬಹುದೆಂದು ವಿದ್ಯಾರ್ಥಿಗಳನ್ನೇ ಕೇಳುವುದು ಲೇಸು.