ಗುರಿಯ ಆಚೆಗಿನ ಮನೆ

ಮಕ್ಕಳು ವಿಡಿಯೋ ಗೇಮ್ ಎಷ್ಟು ಹೊತ್ತು ಆಡಿದರು ಎಂದು ಲೆಕ್ಕ ಇಡುವವರೇ ಹೆಚ್ಚು. ಏನನ್ನು ಆಡಿದರು ಎಂದು ಕೇಳುವವರು ವಿರಳ.

2009ರ ‘ಕಾಲ್ ಆಫ್ ಡ್ಯೂಟಿ: ಮಾಡರ್ನ್ ವಾರ್‌ಫೇರ್ 2’ ಆಟದಲ್ಲಿ ಕರಾಚಿ ನಗರವಿದೆ. ಆದರೆ ಅಲ್ಲಿನ ಫಲಕಗಳು ಅರಬಿಯಲ್ಲಿವೆ. ಕರಾಚಿ ಉರ್ದು ಓದುವ ಊರು. ತಪ್ಪು ಸಣ್ಣದೇ. ಆದರೆ ಆ ಕರಾಚಿಯಲ್ಲಿ ಫಲಕ ಓದುವವರೇ ಇಲ್ಲ, ಬಂದೂಕು ಹಿಡಿದವರಷ್ಟೇ ಇದ್ದಾರೆ. ಜನರಿಲ್ಲದ ಊರಿಗೆ ಯಾವ ಭಾಷೆಯಾದರೇನು?

2014ರಲ್ಲಿ ಪೋಲೆಂಡಿನಿಂದ ಬಂದ ‘ದಿಸ್ ವಾರ್ ಆಫ್ ಮೈನ್’ ಇದಕ್ಕೆ ತದ್ವಿರುದ್ಧ. 1992-96ರ ಸರಾಯೆವೊ ಮುತ್ತಿಗೆ ಅದರ ಪ್ರೇರಣೆ. ಇಲ್ಲಿ ನಾವು ಯೋಧರಲ್ಲ, ಪಾಳುಬಿದ್ದ ಮನೆಯಲ್ಲಿ ಸಿಲುಕಿದ ನಾಗರಿಕರು. ಹಗಲು ಹೊರಬಂದರೆ ಗುಂಡು. ರಾತ್ರಿ ಆಹಾರ, ಔಷಧಿ ಅರಸಿ ಹೋಗಬೇಕು. ವೃದ್ಧ ದಂಪತಿಯ ಮನೆಯಲ್ಲಿ ಕದ್ದರೆ ಹಸಿವು ನೀಗುತ್ತದೆ, ಆದರೆ ಕದ್ದವರ ಮನಸ್ಸು ಕುಸಿಯುತ್ತದೆ. 2020ರಲ್ಲಿ ಪೋಲೆಂಡ್ ಸರಕಾರ ಇದನ್ನು ಶಾಲೆಗಳ ಐಚ್ಛಿಕ ಓದಿನ ಪಟ್ಟಿಗೆ ಸೇರಿಸುವುದಾಗಿ ಘೋಷಿಸಿತು.

ಎರಡೂ ಯುದ್ಧದ ಆಟಗಳೇ. ಒಂದರಲ್ಲಿ ಮನೆ ಬಚ್ಚಿಟ್ಟುಕೊಳ್ಳುವ ಗೋಡೆ, ಇನ್ನೊಂದರಲ್ಲಿ ಅದು ಮನೆಯೇ. ಆಟವನ್ನು ಕಸಿದುಕೊಳ್ಳುವುದು ಸುಲಭ. ನೀನು ಹೊಕ್ಕ ಮನೆಯಲ್ಲಿ ಯಾರಿದ್ದರು ಎಂದು ಪಕ್ಕದಲ್ಲಿ ಕೂತು ಕೇಳೋಣ. ವಿಮರ್ಶೆ ಅಲ್ಲಿಂದಲೇ ಆರಂಭವಾಗಬೇಕು.