ಸಹಿ ಬಿದ್ದ ದಿನದ ತೀರ್ಪು

2021ರ ಡಿಸೆಂಬರ್ 15ರಂದು ಅಮೆರಿಕದ ಕಾಲೇಜು ಫುಟ್‌ಬಾಲ್ ಲೋಕ ಬೆಚ್ಚಿಬಿದ್ದಿತು. ಜಾರ್ಜಿಯಾ ರಾಜ್ಯದ ಸುವಾನಿ ಊರಿನ ಹೈಸ್ಕೂಲಿನಲ್ಲಿ ಓದುತ್ತಿದ್ದ ಟ್ರಾವಿಸ್ ಹಂಟರ್ ಆ ವರ್ಷದ ಹುಡುಗರಲ್ಲಿ ಅಗ್ರಗಣ್ಯ. ಫ್ಲೋರಿಡಾ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಬರುವುದಾಗಿ ಅವನು ಮಾತು ಕೊಟ್ಟು ಒಂದೂವರೆ ವರ್ಷ ದಾಟಿತ್ತು. ಕಾಲೇಜಿಗೆ ಸೇರುವ ಪತ್ರಕ್ಕೆ ಸಹಿ ಹಾಕುವ ದಿನ ಮಾತ್ರ ಅವನು ಮಿಸಿಸಿಪ್ಪಿಯ ಜ್ಯಾಕ್ಸನ್ ಸ್ಟೇಟ್ ವಿಶ್ವವಿದ್ಯಾಲಯವನ್ನು ಆರಿಸಿಕೊಂಡ. ಕಪ್ಪು ಜನರ ಶಿಕ್ಷಣಕ್ಕಾಗಿ 1877ರಲ್ಲಿ ಹುಟ್ಟಿದ, ಫುಟ್‌ಬಾಲಿನಲ್ಲಿ ಒಂದು ಮೆಟ್ಟಿಲು ಕೆಳಗಿನ ವಿಭಾಗದಲ್ಲಿ ಆಡುವ ಸಂಸ್ಥೆ ಅದು. ಅಲ್ಲಿನ ಕೋಚ್ ಡಿಯಾನ್ ಸ್ಯಾಂಡರ್ಸ್ ಸ್ವತಃ ಫ್ಲೋರಿಡಾ ಸ್ಟೇಟಿನ ಹಳೆಯ ವಿದ್ಯಾರ್ಥಿ. ಜ್ಯಾಕ್ಸನ್ ಸ್ಟೇಟ್ ಗೆದ್ದಿತು, ಫ್ಲೋರಿಡಾ ಸ್ಟೇಟ್ ಸೋತಿತು ಎಂಬ ತೀರ್ಪು ಅಂದೇ ಹೊರಬಿತ್ತು.

ನಮ್ಮಲ್ಲಿ ಕ್ರೀಡಾ ಕೋಟಾದ ಸೀಟು ಬೇಕಾದವರು ಪ್ರಮಾಣಪತ್ರ ಹಿಡಿದು ಕಾಲೇಜಿನ ಬಾಗಿಲಿಗೆ ಹೋಗುತ್ತಾರೆ. ಅಲ್ಲಿ ಕೋಚ್‌ಗಳೇ ಹುಡುಗರ ಮನೆಬಾಗಿಲಿಗೆ ಬರುತ್ತಾರೆ. ಪೂರ್ಣ ಸ್ಕಾಲರ್‌ಶಿಪ್ ಕೊಡುತ್ತೇವೆ, ಆಡಲು ಜಾಗ ಕೊಡುತ್ತೇವೆ ಎಂದು ತಂದೆತಾಯಿಯರ ಮುಂದೆ ಕೂತು ಒಪ್ಪಿಸುತ್ತಾರೆ. ರೇಟಿಂಗ್ ಸಂಸ್ಥೆಗಳು ಪ್ರತಿ ಹುಡುಗನಿಗೂ ಇಷ್ಟು ಸ್ಟಾರ್ ಎಂದು ಅಂಕ ಹಾಕುತ್ತವೆ. ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಆಯ್ಕೆಯ ಮೊದಲ ಸುತ್ತಿನಲ್ಲಿ 32 ಸ್ಥಾನಗಳಿರುವುದರಿಂದ 247ಸ್ಪೋರ್ಟ್ಸ್ ಎಂಬ ಸಂಸ್ಥೆ ವರ್ಷಕ್ಕೆ ಸುಮಾರು ಅಷ್ಟೇ ಹುಡುಗರಿಗೆ ಐದು ಸ್ಟಾರ್ ಕೊಡುತ್ತದೆ. ಆ ಅಂಕಗಳನ್ನು ಕೂಡಿಸಿ ಕಾಲೇಜುಗಳಿಗೂ ರ‍್ಯಾಂಕ್ ಹಚ್ಚುತ್ತಾರೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವ ಈ ಪದ್ಧತಿ ಒಂದು ದೊಡ್ಡ ಉದ್ಯಮವಾಗಿ ಬೆಳೆದಿದೆ. ಒಂದು ಕಾಲೇಜು ಹುಡುಗರನ್ನು ಎಷ್ಟು ಚೆನ್ನಾಗಿ ಸೆಳೆಯುತ್ತದೆ ಎಂಬುದು ಅದರಿಂದ ತಿಳಿಯುತ್ತದೆ. ಎಷ್ಟು ಚೆನ್ನಾಗಿ ಬೆಳೆಸುತ್ತದೆ ಎಂಬುದು ತಿಳಿಯುವುದಿಲ್ಲ. ಇದು ಈ ಪದ್ಧತಿಯ ಮೂಲ ದೋಷ.

ಹಂಟರ್ ನಿರ್ಧಾರಕ್ಕೆ ಅಷ್ಟು ತೂಕ ಬಂದದ್ದು ಇತಿಹಾಸದಿಂದ. 1960ರ ದಶಕದ ಬಹುಭಾಗ ದಕ್ಷಿಣದ ಬಹುತೇಕ ದೊಡ್ಡ ವಿಶ್ವವಿದ್ಯಾಲಯಗಳ ತಂಡಗಳಲ್ಲಿ ಕಪ್ಪು ಆಟಗಾರರಿಗೆ ಜಾಗವಿರಲಿಲ್ಲ. ಅವರನ್ನು ಕರೆದು ಬೆಳೆಸಿದ್ದು ಜ್ಯಾಕ್ಸನ್ ಸ್ಟೇಟ್‌ನಂಥ ಸಂಸ್ಥೆಗಳು. ಮುಂದೆ ಶಿಕಾಗೊ ಬೇರ್ಸ್ ತಂಡದಲ್ಲಿ ದಂತಕಥೆಯಾದ ವಾಲ್ಟರ್ ಪೇಟನ್ 70ರ ದಶಕದ ಆರಂಭದಲ್ಲಿ ಆಡಿದ್ದು ಇಲ್ಲೇ. ಶ್ರೀಮಂತ ವಿಶ್ವವಿದ್ಯಾಲಯಗಳ ಬಾಗಿಲು ತೆರೆದ ಮೇಲೆ ಪ್ರತಿಭೆಯೆಲ್ಲ ಅತ್ತ ಹರಿಯಿತು, ಈ ಸಂಸ್ಥೆಗಳ ಮೈದಾನ ಸೊರಗಿತು. ಹಾಗಾಗಿ ದೇಶದ ಅಗ್ರ ಆಟಗಾರನೊಬ್ಬ ತಾನಾಗಿ ಮರಳಿ ಬಂದಾಗ ಅನೇಕರಿಗೆ ಅದು ಒಂದು ಹಳೆಯ ಅನ್ಯಾಯ ಸರಿಹೋದಂತೆ ಕಂಡಿತು. ಆ ಸಂತೋಷ ನ್ಯಾಯವಾದದ್ದೇ.

ಆದರೆ ಮುಂದಿನ ಮೂರು ವರ್ಷ ಆ ದಿನದ ತೀರ್ಪನ್ನು ತಲೆಕೆಳಗು ಮಾಡಿತು. 2022ರ ಡಿಸೆಂಬರ್‌ನಲ್ಲಿ ಸ್ಯಾಂಡರ್ಸ್ ಕೊಲರಾಡೊ ವಿಶ್ವವಿದ್ಯಾಲಯಕ್ಕೆ ಹೋದರು. ಗುರುವನ್ನು ನಂಬಿ ಬಂದಿದ್ದ ಹಂಟರ್ ಅವರ ಹಿಂದೆಯೇ ನಡೆದ. ಜ್ಯಾಕ್ಸನ್ ಸ್ಟೇಟಿನ ದೊಡ್ಡ ಗೆಲುವು ಒಂದೇ ಋತುವಿಗೆ ಮುಗಿಯಿತು. ಇತ್ತ ಫ್ಲೋರಿಡಾ ಸ್ಟೇಟ್ ಕೈಕಟ್ಟಿ ಕೂರಲಿಲ್ಲ. 2022ರಲ್ಲಿ ಆಲ್ಬನಿ ಎಂಬ ಸಣ್ಣ ತಂಡದಿಂದ ಜ್ಯಾರೆಡ್ ವರ್ಸ್ ಎಂಬಾತನನ್ನು ಕರೆತಂದಿತು. ಹೈಸ್ಕೂಲಿನಲ್ಲಿದ್ದಾಗ ದೊಡ್ಡ ಕಾಲೇಜುಗಳು ಅವನತ್ತ ನೋಡಿರಲಿಲ್ಲ. ಇಂಥವರನ್ನು ಕಟ್ಟಿಕೊಂಡು ಆ ತಂಡ 2023ರಲ್ಲಿ ಮೊದಲ 13 ಪಂದ್ಯಗಳನ್ನೂ ಗೆದ್ದು ತನ್ನ ಕಾನ್ಫರೆನ್ಸಿನ ಚಾಂಪಿಯನ್ ಆಯಿತು. ವರ್ಸ್ ಎನ್‌ಎಫ್‌ಎಲ್‌ಗೆ ಮೊದಲ ಸುತ್ತಿನಲ್ಲೇ ಆಯ್ಕೆಯಾದ.

ಈ ಕಥೆಯ ಅತ್ಯಂತ ಅರ್ಥಪೂರ್ಣ ದಿನ 2024ರ ಡಿಸೆಂಬರ್ 14. ಅಂದು ಹಂಟರ್ ಕಾಲೇಜು ಫುಟ್‌ಬಾಲಿನ ಅತ್ಯುನ್ನತ ಗೌರವವಾದ ಹೈಸ್‌ಮನ್ ಟ್ರೋಫಿ ಪಡೆದ, ಕೊಲರಾಡೊ ಆಟಗಾರನಾಗಿ. ಅದೇ ದಿನ ಅಟ್ಲಾಂಟಾದ ಸೆಲೆಬ್ರೇಷನ್ ಬೌಲ್‌ನಲ್ಲಿ ಜ್ಯಾಕ್ಸನ್ ಸ್ಟೇಟ್ 28-7ರಿಂದ ಸೌತ್ ಕ್ಯಾರೊಲಿನಾ ಸ್ಟೇಟ್ ತಂಡವನ್ನು ಸೋಲಿಸಿ ಕಪ್ಪು ಜನರ ಕಾಲೇಜುಗಳ ಪ್ರಶಸ್ತಿ ಗೆದ್ದಿತು. ಹಿಂದಿನ ಎರಡು ಪ್ರಯತ್ನಗಳಲ್ಲಿ, ಸ್ಯಾಂಡರ್ಸ್ ಇದ್ದಾಗಲೇ, ಅದು ಕೈತಪ್ಪಿತ್ತು. ಈ ಸಲ ಕೋಚ್ ಆಗಿದ್ದವರು ಅದೇ ಸಂಸ್ಥೆಯಲ್ಲಿ ಓದಿ ಆಡಿದ ಟಿ.ಸಿ. ಟೇಲರ್. 2021ರಲ್ಲಿ ಗೆದ್ದವರು, ಸೋತವರು ಎಂದು ಹೆಸರಿಸಲ್ಪಟ್ಟ ಎಲ್ಲರೂ ತಮ್ಮ ತಮ್ಮ ಶಿಖರಕ್ಕೆ ಬೇರೆಯದೇ ದಾರಿಯಿಂದ ಏರಿದರು.

ಸ್ಟಾರ್ ರೇಟಿಂಗ್ ಪೂರ್ತಿ ಸುಳ್ಳೆಂದು ನಾನು ಹೇಳುವುದಿಲ್ಲ. ಐದು ಸ್ಟಾರ್ ಪಡೆದವರಿಗೆ ಎನ್‌ಎಫ್‌ಎಲ್ ತಲುಪುವ ಅವಕಾಶ ಉಳಿದವರಿಗಿಂತ ಖಂಡಿತ ಹೆಚ್ಚು. ಆದರೆ ಒಬ್ಬೊಬ್ಬ ಹುಡುಗನ ವಿಚಾರದಲ್ಲಿ ಅದು ಕುರುಡಾಗಬಲ್ಲದು. ಕ್ಯಾಲಿಫೋರ್ನಿಯಾದ ಫೈರ್‌ಬಾ ಎಂಬ ಕೃಷಿ ಊರಿನ ಜಾಶ್ ಆಲನ್‌ಗೆ ಹೈಸ್ಕೂಲು ಮುಗಿದಾಗ ಮೇಲಿನ ವಿಭಾಗದ ಒಂದೇ ಒಂದು ಕಾಲೇಜಿನಿಂದಲೂ ಕರೆ ಬರಲಿಲ್ಲ. ರೀಡ್ಲಿ ಎಂಬ ಸಮುದಾಯ ಕಾಲೇಜಿನಲ್ಲಿ ಆಡಿ, ಕೋಚ್‌ಗಳಿಗೆ ತಾನೇ ಈಮೇಲ್ ಬರೆದು, ಕೊನೆಗೆ ವಯೋಮಿಂಗ್ ಸೇರಿದ. 2024ರ ಋತುವಿನಲ್ಲಿ ಅವನು ಎನ್‌ಎಫ್‌ಎಲ್‌ನ ಅತ್ಯುತ್ತಮ ಆಟಗಾರ. ಇನ್ನೊಂದು ತುದಿಯಲ್ಲಿ ಟೆಕ್ಸಸ್ ಎ ಅಂಡ್ ಎಂ ಇದೆ. 2022ರಲ್ಲಿ ಅದು ಕಲೆಹಾಕಿದ ಹುಡುಗರ ಗುಂಪು ರೇಟಿಂಗ್ ಇತಿಹಾಸದಲ್ಲೇ ಅತಿ ಹೆಚ್ಚು ಅಂಕ ಪಡೆದಿತ್ತು. ಅದೇ ವರ್ಷ ತಂಡ 5 ಪಂದ್ಯ ಗೆದ್ದು 7 ಸೋತಿತು. ಮರುವರ್ಷ ಕೋಚ್ ಜಿಂಬೊ ಫಿಶರ್ ಅವರನ್ನು ಕಳಿಸಲು ಒಪ್ಪಂದದಂತೆ 7.5 ಕೋಟಿ ಡಾಲರಿಗೂ ಹೆಚ್ಚು ಹಣದ ಹೊಣೆ ಹೊರಬೇಕಾಯಿತು.

ಇಂದು ಈ ಪೈಪೋಟಿಗೆ ಹಣವೂ ಸೇರಿದೆ. 2021ರ ಜುಲೈನಿಂದ ಆಟಗಾರರು ತಮ್ಮ ಹೆಸರು, ಚಿತ್ರಗಳಿಂದ ಗಳಿಸಬಹುದು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ, ಹೌಸ್ ಎಂಬ ಮೊಕದ್ದಮೆಯ ರಾಜಿ ಒಪ್ಪಂದದ ಪ್ರಕಾರ ವಿಶ್ವವಿದ್ಯಾಲಯಗಳೇ ಮೊದಲ ವರ್ಷ ಸುಮಾರು 2.05 ಕೋಟಿ ಡಾಲರಿನವರೆಗೆ ಆಟಗಾರರಿಗೆ ನೇರವಾಗಿ ಹಂಚಬಹುದು. ಬೆವರು ಸುರಿಸಿದವರಿಗೆ ಪಾಲು ಸಿಗುವುದು ನ್ಯಾಯ, ಬಹಳ ತಡವಾಗಿ ಬಂದ ನ್ಯಾಯ. ಆದರೆ ಹಣದ ಮಾತೂ ಈಗ ಸಹಿಯ ದಿನದ ಅವಸರಕ್ಕೆ ಸಿಕ್ಕಿದೆ. ಕ್ವಾರ್ಟರ್‌ಬ್ಯಾಕ್ ಜೇಡನ್ ರಶಾಡಾ 2022ರಲ್ಲಿ ಮಯಾಮಿ ವಿಶ್ವವಿದ್ಯಾಲಯವನ್ನು ಬಿಟ್ಟು ಫ್ಲೋರಿಡಾ ವಿಶ್ವವಿದ್ಯಾಲಯಕ್ಕೆ ಸಹಿ ಹಾಕಿದ್ದರ ಹಿಂದೆ 1.385 ಕೋಟಿ ಡಾಲರಿನ ಒಪ್ಪಂದವಿತ್ತೆಂದು ವರದಿಯಾಗಿತ್ತು. ಒಪ್ಪಂದ ಮುರಿಯಿತು, ಅವನು ಅರಿಜೋನಾ ಸ್ಟೇಟ್ ಸೇರಿದ, ವಿಷಯ 2024ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು.

ಇಂಥ ವ್ಯವಸ್ಥೆಯಲ್ಲಿ ಹದಿನೇಳು ಹದಿನೆಂಟರ ಹುಡುಗ ಮನಸ್ಸು ಬದಲಿಸಿದರೆ ಅವನನ್ನು ದ್ರೋಹಿ ಎನ್ನುವುದು ಅನ್ಯಾಯ. ಬೇಕೆಂದಾಗ ಬೇರೆ ಕಾಲೇಜಿಗೆ ಹೋಗಲು ಕೋಚ್‌ಗಳಿಗೆ ಎಂದಿನಿಂದಲೂ ಇರುವ ಸ್ವಾತಂತ್ರ್ಯ ಆಟಗಾರನಿಗೆ ಸಿಕ್ಕಿದ್ದು ಈಚೆಗೆ. ಹಂಟರ್ ತನ್ನನ್ನು ಬೆಳೆಸುವವರು ಯಾರೆಂದು ನೋಡಿ ಆರಿಸಿದ, ಸರಿಯಾಗಿಯೇ ಆರಿಸಿದ. ಕಾಲೇಜುಗಳನ್ನೂ ನಾವು ಅದೇ ಕಣ್ಣಿನಿಂದ ನೋಡಬೇಕು. ಸೇರಿದ ಹುಡುಗರಲ್ಲಿ ಎಷ್ಟು ಜನ ಉಳಿದರು, ಎಷ್ಟು ಜನ ಪದವಿ ಪಡೆದರು, ಎಷ್ಟು ಜನ ಬಂದಾಗ ಇದ್ದುದಕ್ಕಿಂತ ಉತ್ತಮ ಆಟಗಾರರಾಗಿ ಹೊರಟರು ಎಂಬ ಲೆಕ್ಕವನ್ನು ನಾಲ್ಕು ವರ್ಷದ ನಂತರ ಪ್ರಕಟಿಸಲಿ. ಕ್ರೀಡಾ ಪತ್ರಕರ್ತರು ಗೆಲುವು ಸೋಲಿನ ಪಟ್ಟಿಯನ್ನು ಆ ದಿನಕ್ಕೆ ಕಾದಿಡಲಿ.